ಓಸಿ ರಾಟ್ಲಿಫ್ ಹಲ್ಲು ಕಟ್ಟಿಸಿಕೊಂಡಿದ್ದು

ಓಸಿ ರಾಟ್ಲಿಫ್‌ಳ ಮುಂದಿನ ಹಲ್ಲುಗಳು ಇಪ್ಪತ್ತಾರನೇ ವಯಸ್ಸಿಗೇ ಹೋಗಿದ್ದವು. ವರ್ಜೀನಿಯಾದ ಆ ಬೆಟ್ಟದ ಸಂದಿಯಲ್ಲಿ ಅದೇನೂ ದೊಡ್ಡ ಸುದ್ದಿಯಲ್ಲ. ಆದರೆ ಅವತ್ತಿನಿಂದ ಅವಳು ಫೋಟೊದಲ್ಲಿ ನಕ್ಕವಳಲ್ಲ. ಮಗಳ ಮದುವೆ ಫೋಟೊದಲ್ಲೂ ಸಾವಿನ ಮನೆಗೆ ಬಂದವಳ ಹಾಗೆ ತುಟಿ ಬಿಗಿದು ನಿಂತಿದ್ದಾಳೆ. ಮೂವತ್ತು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದವಳು ಎಪ್ಪತ್ತೊಂದಕ್ಕೆ ಕೊನೆಗೂ ಹಲ್ಲು ಸೆಟ್ಟು ಕಟ್ಟಿಸಿಕೊಂಡಳು. ಮೊದಲ ದಿನವೇ ಇಡೀ ಮುಸುಕಿನ ಜೋಳದ ತೆನೆ ಕಚ್ಚಿ ತಿಂದು, ಪಕ್ಕದ ಮನೆಯ ಡೆಲ್ಫಿಯಾಗೆ ಬಾಯಿ ತೆರೆದು ತೋರಿಸಿದಳು.

“ಮುಚ್ಚೇ. ನಾನೇನು ಹಲ್ಲು ನೋಡಿ ಕುದುರೆ ಕೊಳ್ಳೋಕೆ ಬಂದಿದೀನಾ?” ಅಂದಳು ಡೆಲ್ಫಿಯಾ.

ಓಸಿಗೆ ಬ್ಯಾಂಜೊ ಕಲಿಸಿದ್ದು ಅವಳಪ್ಪ. ಪ್ರತಿ ಶನಿವಾರ ಹಳೇ ಶಾಲೆಯಲ್ಲಿ ಅವಳು ನುಡಿಸುವುದು, ಊರು ಕುಣಿಯುವುದು. ಆ ಮಟ್ಟುಗಳನ್ನು ಹುಡುಕಿಕೊಂಡು ಪಟ್ಟಣದಿಂದ ನಾಲ್ವರು ಬಂದರು. ‘ತುಕ್ಕು ನೇಗಿಲು’ ಅಂತ ಅವರ ಮೇಳದ ಹೆಸರು. ಆ ಎಂಟು ಕೈಗಳಲ್ಲಿ ನೇಗಿಲು ಹಿಡಿದದ್ದು ಒಂದೂ ಇರಲಿಲ್ಲ. ಮೇಳದ ಯಜಮಾನ ಥ್ಯಾಚರ್ ವಕೀಲರ ಮಗ. ಗಡ್ಡ ಮಾತ್ರ ಪ್ರವಾದಿಯದು.

“ಸತ್ತುಹೋಗಿರೋ ಸಂಗೀತಾನ ಬದುಕಿಸ್ತಾ ಇದೀವಿ,” ಅಂದ.

“ಯಾವಾಗ ಸತ್ತಿತು? ಹೋದ ಶನಿವಾರ ಕುಣಿದಿದ್ದಕ್ಕೆ ನನ್ ಮಂಡಿ ಇನ್ನೂ ನೋಯ್ತಿದೆ,” ಅಂದಳು ಡೆಲ್ಫಿಯಾ.

ಓಸಿ ಮಾತ್ರ ಒಪ್ಪಿಕೊಂಡಳು. ಅವಳಪ್ಪನ ಮಟ್ಟು ರೆಕಾರ್ಡಿಗೆ, ಅವಳ ಫೋಟೊ ಅದರ ಹೊದಿಕೆಗೆ ಅಂದಿದ್ದರು. ಬಾಯ್ತುಂಬ ನಗುವ ಒಂದು ಫೋಟೊ! ಅವಳಿಗೆ ಬೇಕಾಗಿದ್ದದ್ದು ಅದೇ.

ಫೋಟೊ ತೆಗೆಯುವ ದಿನ ಕೂದಲು ಸುರುಳಿ ಮಾಡಿಸಿ, ಚರ್ಚಿಗೆ ಹೋಗುವ ನೀಲಿ ಉಡುಪು ತೊಟ್ಟು ನಿಂತಳು. ಥ್ಯಾಚರನ ಮುಖ ಸಪ್ಪಗಾಯಿತು. ಅವಳ ಚೊಕ್ಕ ಮನೆಯನ್ನು ದಾಟಿಸಿ, ಡೆಲ್ಫಿಯಾಳ ಮುರುಕಲು ಕೋಳಿಗೂಡಿನ ಹತ್ತಿರ ಕರೆದೊಯ್ದ.

“ಓಸಿಯಮ್ಮ, ಬೇಜಾರ್ ಮಾಡ್ಕೋಬೇಡಿ. ಆ ಹಲ್ಲು ಒಂದ್ ಗಳಿಗೆ ತೆಗೀತೀರಾ?”

“ಯಾಕಪ್ಪಾ, ನಿಂಗೆ ಬೇಕಿತ್ತಾ?”

“ಬೆಟ್ಟದ ನಿಜವಾದ ಬದುಕು ಕಾಣ್ಬೇಕು, ಅಷ್ಟೇ. ಹಲ್ಲಿದ್ರೆ ಬ್ಯಾಂಕಿನ ಕ್ಯಾಲೆಂಡರ್ ಥರ ಇರುತ್ತೆ. ಹೊದಿಕೆಗೆ ಹಾಕೋಕಾಗಲ್ಲ.”

ಓಸಿ ಅವನ ಪ್ಯಾಂಟು ನೋಡಿದಳು. ಮಂಡಿಯ ಮೇಲೆ ಅಂದವಾದ ತೇಪೆ.

“ಆ ತೇಪೆ ಕಿತ್ತು ತೋರಿಸು. ಕೆಳಗೆ ತೂತಿದ್ರೆ ನಾನೂ ಹಲ್ಲು ತೆಗೀತೀನಿ.”

ಥ್ಯಾಚರನ ಕಿವಿ ಕೆಂಪಾಯಿತು. ಮೇಳದಲ್ಲಿ ಪಿಟೀಲು ನುಡಿಸುವ ಹುಡುಗಿ ತಡೆಯಲಾರದೆ, “ಅದು ಅಂಗಡೀಲೇ ಹಂಗೆ ಬರೋದು ಓಸಿಯಮ್ಮ. ತೇಪೆ ಇಲ್ದಿದ್ರೆ ಬೆಲೆ ಕಮ್ಮಿ!” ಅಂದುಬಿಟ್ಟಳು.

ಓಸಿ ನಕ್ಕಳು. ಕತ್ತು ಹಿಂದಕ್ಕೆಸೆದು, ಕೋಳಿಗಳು ದಿಕ್ಕಾಪಾಲಾಗಿ ಓಡುವ ಹಾಗೆ ನಕ್ಕಳು. ಮೇಳದ ಕ್ಯಾಮೆರಾ ತೆಪ್ಪಗಿತ್ತು. ಡೆಲ್ಫಿಯಾ ತನ್ನ ಫೋನಿನಲ್ಲಿ ಫೋಟೊ ಹೊಡೆದಳು.

ಚಳಿಗಾಲಕ್ಕೆ ರೆಕಾರ್ಡು ಬಂತು. ಹೊದಿಕೆಯ ಮೇಲೆ ಬರೀ ಕೋಳಿಗೂಡು. ಓಸಿಯ ಅಪ್ಪನ ಮಟ್ಟನ್ನು ಥ್ಯಾಚರನೇ ನುಡಿಸಿದ್ದ, ಹೆಣ ಹೊತ್ತವರ ನಡಿಗೆಯಲ್ಲಿ. ಕೆಳಗೆ, ‘ಹೆಸರು ತಿಳಿಯದ ಬೆಟ್ಟದ ಮುದುಕಿಯಿಂದ ಸಂಗ್ರಹಿಸಿದ್ದು’ ಅಂತ ಅಚ್ಚಾಗಿತ್ತು. ಓಸಿ ಆ ಸಾಲನ್ನು ಎರಡು ಸಲ ಓದಿದಳು. ರೆಕಾರ್ಡನ್ನು ಡೆಲ್ಫಿಯಾಳ ಕೈಗಿಟ್ಟಳು.

“ನನ್ ಕೋಳಿಗಳಿಗೂ ಹೆಸರಿದೆ, ಕೇಳಿದ್ರೆ ಹೇಳ್ತಿದ್ದೆ,” ಅಂದಳು ಡೆಲ್ಫಿಯಾ.

ಅದೇ ತಿಂಗಳು ಚರ್ಚಿನವರು ತಮ್ಮ ಸದಸ್ಯರ ಫೋಟೊ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಡೆಲ್ಫಿಯಾ ಫೋನಿನಲ್ಲಿ ತೆಗೆದ ಫೋಟೊವನ್ನು ಓಸಿ ಪ್ರಿಂಟ್ ಹಾಕಿಸಿ ಕೊಟ್ಟಳು. ಪಾದ್ರಿ ಅದನ್ನು ಹಿಂದೆಮುಂದೆ ತಿರುಗಿಸಿದರು.

“ಸ್ವಲ್ಪ ಗಂಭೀರವಾಗಿರೋದು ಯಾವ್ದೂ ಇಲ್ವೇನಮ್ಮ?”

“ನಲವತ್ತೈದು ವರ್ಷದ್ದು ಇದೆ ಪಾದ್ರಿಗಳೇ. ಹಳೇ ಪುಸ್ತಕಗಳಲ್ಲಿ ನೋಡ್ಕೊಳ್ಳಿ. ಈ ಸಲ ಇದೇ ಹಾಕಿ. ಕೆಳಗೆ ನನ್ ಹೆಸರು ಪೂರ್ತಿ ಬರೀಬೇಕು.”