ಬದುವಿನ ಮೇಲೆ ಬಿಟ್ಟ ಬೂಟು

ನನಗೆ ಜನರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ಜಹೀರಾಬಾದಿನ ಬಜಾರಿನಲ್ಲಿ ಚಪ್ಪಲಿ ಅಂಗಡಿ ಇಟ್ಟವನ ಹಣೆಬರಹ ಇದು. ಮದುವೆಮನೆಯಲ್ಲಿ ಯಾರಾದರೂ ಕೈಮುಗಿದರೆ ನನ್ನ ಕಣ್ಣು ಮೊದಲು ಕೆಳಗೆ ಹೋಗುತ್ತದೆ, ಹೆಂಡತಿಯ ಮೊಳಕೈ ನನ್ನ ಪಕ್ಕೆಗೆ ಬರುತ್ತದೆ.

ಈ ಕಸುಬಿನಲ್ಲಿ ಕಾಲು ತಿಳಿದರೆ ಸಾಲದು, ಮಣ್ಣೂ ತಿಳಿಯಬೇಕು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಬಿರುಕುಬಿಟ್ಟು ಸುಮ್ಮನೆ ಬಿದ್ದಿರುತ್ತದೆ, ಒಂದು ಮಳೆ ಬಿದ್ದರೆ ಹಳೆಯ ನೆಂಟನ ಹಾಗೆ ಹಿಡಿದುಕೊಂಡು ಬಿಡುವುದೇ ಇಲ್ಲ. ಹವಾಯಿ ಚಪ್ಪಲಿಯ ಬಾರು ಅದರಲ್ಲಿ ಕಿತ್ತು ಬರುತ್ತದೆ, ಬಟ್ಟೆಯ ಬೂಟು ನೆನೆದರೆ ಸಂಜೆಯಾದರೂ ಒಣಗುವುದಿಲ್ಲ, ಚರ್ಮದ ಮೆಟ್ಟಂತೂ ಕೊಳೆತು ನಾರುತ್ತದೆ. ಇಂಥ ನೆಲದಲ್ಲಿ ಕಾಡುಹಂದಿಯ ಬೆನ್ನು ಹತ್ತುವವನು ಕಾಲಿಗೆ ಏನು ಹಾಕಬೇಕು? ನಗಬೇಡಿ. ಈ ಪ್ರಶ್ನೆಗೆ ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ, ನಮ್ಮ ಮಾವನ ಸಲುವಾಗಿ.

ಮಾವ ಎಂದರೆ ನನ್ನ ಅಕ್ಕನ ಗಂಡ, ನ್ಯಾಲ್ಕಲ್ ಕಡೆಯ ರೈತರು. ಅಲ್ಲಿ ಜೋಳ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬರುತ್ತವೆ. ಊರವರು ನಸುಕಿನಲ್ಲಿ ಡಬ್ಬಿ ಬಡಿಯುತ್ತಾ ಅವನ್ನು ಅಟ್ಟುತ್ತಾರೆ. ಇದಕ್ಕೆ ಬ್ಯಾಟಿ, ಅಂದರೆ ಬೇಟೆ, ಎಂದು ಹೆಸರು, ಸಾಯುವುದು ಮಾತ್ರ ಡಬ್ಬಿ. ಎಲ್ಲರಿಗಿಂತ ಮುಂದೆ ಓಡುವವರು ಮಾವ. ಆದರೆ ಶುಗರ್ ಬಂದು ಅವರ ಪಾದಗಳಿಗೆ ಸ್ಪರ್ಶಜ್ಞಾನವೇ ಇರಲಿಲ್ಲ. ಮುಳ್ಳು ಮುರಿದು ಒಳಗೆ ಕೂತರೂ ಗೊತ್ತಾಗುತ್ತಿರಲಿಲ್ಲ. ಬೀದರಿನ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು, ಇನ್ನು ಬರಿಗಾಲಲ್ಲಿ ಹೊಲಕ್ಕೆ ಹೋದರೆ ಕಾಲು ಉಳಿಯುವುದಿಲ್ಲ ಎಂದು.

ಕೊನೆಗೆ ಹೈದರಾಬಾದಿನ ಸಗಟು ಅಂಗಡಿಯಲ್ಲಿ ಮೊಣಕಾಲಿನವರೆಗೆ ಬರುವ ಒಂದು ರಬ್ಬರ್ ಬೂಟು ಸಿಕ್ಕಿತು. ಡಬ್ಬದ ಮೇಲೆ ಬಿಳಿಯನೊಬ್ಬ ಕಡಲಂಚಿನ ಕೆಸರಿನಲ್ಲಿ ಬಂದೂಕು ಹಿಡಿದು ಬಾತುಕೋಳಿಗಾಗಿ ಕಾಯುತ್ತಿದ್ದ. ಹೊರದೇಶದಲ್ಲಿ ಸಮುದ್ರದ ಜೌಗಿನಲ್ಲಿ ಬೇಟೆಯಾಡುವವರಿಗೆ ಅಂತಲೇ ಮಾಡಿದ ಬೂಟಂತೆ. ನಮ್ಮೂರಿಗೂ ಸಮುದ್ರಕ್ಕೂ ಇರುವ ಸಂಬಂಧವೆಂದರೆ ಹೈವೇ ಮೇಲೆ ಮುಂಬೈಗೆ ಹೋಗುವ ಲಾರಿ, ಅಷ್ಟೇ. ಆದರೂ ಕೆಸರು ಕೆಸರೇ ತಾನೆ! ಒಳಗೆ ಕೈಹಾಕಿ ಹೊಲಿಗೆ ಚುಚ್ಚುತ್ತದೆಯೇ ಎಂದು ಸವರಿ ನೋಡಿದೆ. ಪಾದ ಬಾತರೂ ಇರಲಿ ಎಂದು ಒಂದು ಅಳತೆ ದೊಡ್ಡದನ್ನೇ ತಂದೆ. ಮಾವ ತೊಟ್ಟು ಅಂಗಳದಲ್ಲಿ ಠೀವಿಯಿಂದ ತಿರುಗಿದರು. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ನಾನು ಮಣ್ಣು ನೋಡಿದೆ, ಕಾಲು ನೋಡಿದೆ, ಮಾವನನ್ನು ನೋಡಲಿಲ್ಲ. ತೆನೆ ಕಟ್ಟಿದ ಹೊಲ ಅವರಿಗೆ ಬಸುರಿ. ಅದರೊಳಗೆ ಕಾಲಿಗೆ ಏನನ್ನಾದರೂ ಮೆಟ್ಟಿಕೊಂಡು ಹೋದ ಮಗ ಅವರ ಮನೆತನದಲ್ಲೇ ಇಲ್ಲ. ದಿನಾ ನಸುಕಿನಲ್ಲಿ ಮನೆಯಿಂದ ಬೂಟು ಹಾಕಿಕೊಂಡೇ ಹೊರಟು, ಬದುವಿನ ಮೇಲೆ ಅವನ್ನು ಜೋಡಿಸಿಟ್ಟು, ಬರಿಗಾಲಲ್ಲಿ ಹಂದಿಯ ಹಿಂದೆ ಓಡುತ್ತಿದ್ದರಂತೆ. ಬೂಟು ಹೊಚ್ಚಹೊಸದರಂತೆ ಇತ್ತು. ಹೋದ ವರ್ಷ ಕೊಯ್ದ ತೊಗರಿಯ ಚೂಪು ಕೂಳೆಯೊಂದು ಅಂಗಾಲಿಗೆ ನೆಟ್ಟದ್ದು ಅವರಿಗೆ ತಿಳಿಯಲೇ ಇಲ್ಲ. ಪಡಸಾಲೆಯ ಕಲ್ಲಿನ ಮೇಲೆ ರಕ್ತದ ಹೆಜ್ಜೆ ಕಂಡು ಚೀರಿದವಳು ಅಕ್ಕ.

"ಬೂಟ್ ಯಾಕ ಬಿಚ್ಚಿದ್ರಿ ಮಾವಾ?" ಆಸ್ಪತ್ರೆಯಲ್ಲಿ ಸಿಟ್ಟಿನಿಂದಲೇ ಕೇಳಿದೆ.

"ಬಸುರಿ ಹೊಟ್ಟಿ ಮ್ಯಾಲ ಬೂಟ್ ಇಡಾಕ ಆಗ್ತದೇನೋ ಶಿವರಾಜಾ?" ಎಂದರು.

ಕೀವು ಮೇಲಕ್ಕೆ ಏರಿತ್ತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಆ ದಿನ ಅಂಗಡಿಗೆ ಬಂದು ಕೂತರೆ ಗೋಡೆಯ ತುಂಬ ಜೋಡಿ ಜೋಡಿ. ಶಟರ್ ಎಳೆದು ಮನೆಗೆ ಹೋದೆ.

ಮರುವರ್ಷ ಜೋಳ ಮತ್ತೆ ತೆನೆ ಕಟ್ಟಿತು. ಮಾವನಿಗೆ ರಬ್ಬರ್ ಪಾದದ ಕಾಲು ಕೂಡಿಸಿದ್ದರು. ಹೊಲ ನೋಡಬೇಕು ಎಂದು ಹಟ ಹಿಡಿದದ್ದಕ್ಕೆ ಅಕ್ಕ, ನಾನು ಕರೆದುಕೊಂಡು ಹೋದೆವು. ಬದುವಿನ ಮೇಲೆ ಎಡಗಾಲಿನ ಚಪ್ಪಲಿ ಬಿಟ್ಟರು. ಬಲಗಾಲು ಎತ್ತಿದವರು ಹಾಗೇ ನಿಂತರು.

"ಶಿವರಾಜಾ, ನೀ ಚಪ್ಪಲಿ ಅಂಗಡ್ಯಾಂವ. ಖರೇ ಹೇಳು. ಇದು ಕಾಲೋ, ಮೆಟ್ಟೋ?"

ಇಷ್ಟು ವರ್ಷದ ವ್ಯಾಪಾರದಲ್ಲಿ ಗಿರಾಕಿಯ ಪ್ರಶ್ನೆಗೆ ನಾನು ತಡವರಿಸಿದ್ದೇ ಇಲ್ಲ. ಅಂದು ಬಗ್ಗಿ ಆ ರಬ್ಬರ್ ಪಾದವನ್ನು ಸವರಿ ನೋಡಿದೆ. "ಕಾಲೇ ರೀ ಮಾವಾ, ನಿಮ್ಮ ಕಾಲೇ," ಎಂದೆ.

"ಸುಳ್ಳ ಮಗನ," ಎಂದು ನಕ್ಕರು. ಬದುವಿನ ಮೇಲೆ ಕೂತು ಪಟ್ಟಿ ಸಡಿಲಿಸಿ, ಆ ಕಾಲನ್ನು ಬಿಚ್ಚಿ ಚಪ್ಪಲಿಯ ಪಕ್ಕದಲ್ಲಿ ಇಟ್ಟರು. "ಬ್ಯಾಡ್ರಿ, ನಿಮ್ಮ ಕಾಲ್ ಬೀಳ್ತೀನಿ," ಎಂದು ಅಕ್ಕ ಅಳುತ್ತಿದ್ದಳು. ಮಾವ ಎರಡೂ ಕೈ ಊರಿ, ಕೂತಲ್ಲಿಂದಲೇ ಕೆಸರಿಗೆ ಜಾರಿಕೊಂಡು, ತೆವಳುತ್ತಾ ಜೋಳದ ಸಾಲಿನೊಳಗೆ ಹೋದರು.

ನನ್ನ ಚಪ್ಪಲಿಯನ್ನು ಆ ಕಾಲಿನ ಪಕ್ಕದಲ್ಲಿ ಬಿಟ್ಟು ನಾನೂ ಇಳಿದೆ.