ಮಹಡಿ ಮಾಮ ತಂದ ಪೆಂಗ್ವಿನ್‌ಗಳು

ಹೋದ ವಾರ ಮೊಮ್ಮಗಳು ನಡುಮನೆಯಲ್ಲಿ ಕಾಲು ಚಾಚಿ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಚೆನ್ನೈನ ವೇಲಚೇರಿಯ ನಮ್ಮ ಫ್ಲ್ಯಾಟಿನಲ್ಲಿ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಧಗೆ. ಅವತ್ತು ಮುಚ್ಚಿತ್ತು. ಅರ್ಧ ಕೊಳೆತ ಬಾಳೆಹಣ್ಣು, ಅರ್ಧ ಔಷಧಿ ಅಂಗಡಿ ಅನ್ನುವಂಥ ಆ ವಾಸನೆ ಮನೆಯೆಲ್ಲ ತುಂಬಿಕೊಂಡಿತು. "ಪಾಟಿ, ವಾಸನೆ ಆಗಲ್ಲ ಅಂದ್ರೆ ಬಾಲ್ಕನಿಗೆ ಹೋಗ್ತೀನಿ" ಎಂದಳು. ಅಜ್ಜಿ ಎನ್ನುವುದಕ್ಕೆ ಅವಳ ಬಾಯಲ್ಲಿ ತಮಿಳಿನ ಪಾಟಿಯೇ. ಇಲ್ಲೇ ಇರು ಎಂದೆ. ನನಗೆ ಮಹಡಿ ಮಾಮನ ಬೆರಳುಗಳು ನೆನಪಾಗಿದ್ದವು...

ಐವತ್ತರ ದಶಕದ ಕೊನೆಯ ಮಾತು. ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಗುಡಿಯ ಕೊಳದಿಂದ ಎರಡು ಬೀದಿ ಈಚೆಗೆ ನಮ್ಮ ವಠಾರ. ಕೆಳಗೆ ನಾವು, ಮಹಡಿಯ ಒಂದೂವರೆ ಕೋಣೆಯಲ್ಲಿ ಅವರು. ಮೈಸೂರಿನ ಕಡೆಯವರು, ನಮ್ಮ ಹಾಗೆ ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು. ಶಾಲೆಗಳಿಗೆ ಸಾಕ್ಷ್ಯಚಿತ್ರಗಳನ್ನು ಎರವಲು ಕೊಡುವ ಒಂದು ಕಚೇರಿಯಲ್ಲಿ ಅವರ ಕೆಲಸ. ವಾಪಸು ಬಂದ ರೀಲುಗಳನ್ನು ಒಮ್ಮೆ ಓಡಿಸಿ ನೋಡಿ, ಹರಿದ ಕಡೆ ಕತ್ತರಿಸಿ, ಅಂಟು ಹಾಕಿ ಜೋಡಿಸಬೇಕು. ಆ ಅಂಟಿನ ವಾಸನೆ ಎಷ್ಟು ಸೋಪು ಹಾಕಿದರೂ ಅವರ ಬೆರಳು ಬಿಡುತ್ತಿರಲಿಲ್ಲ. ಮಗುವಿನ ಹಾಲಿಗೂ ಅದೇ ವಾಸನೆ ಬರುತ್ತದೆ ಎಂದು ನಮ್ಮಜ್ಜಿಯ ದೂರು.

ಮಗು ಎಂದೆನಲ್ಲ. ಹೆರಿಗೆಯಾದ ಹನ್ನೊಂದನೆಯ ದಿನ ಅವರ ಹೆಂಡತಿ ತೀರಿಕೊಂಡಿದ್ದರು. ಉಳಿದದ್ದು ಒಂದು ಹೆಣ್ಣುಕೂಸು. ನಾಮಕರಣವಾಗಿದ್ದರೂ ನಮಗೆಲ್ಲ ಅದು ಪಾಪುವೇ. ಹಗಲು ಅವರು ಕಚೇರಿಗೆ ಹೋದಾಗ ಪಾಪು ನಮ್ಮಜ್ಜಿಯ ಬಳಿ ಇರುತ್ತಿತ್ತು. ಸಂಜೆ ತಡವಾಗಬಾರದೆಂದು ಅವರು ಮೇಲಧಿಕಾರಿಯ ಒಪ್ಪಿಗೆ ಪಡೆದು ಶನಿವಾರ ಪ್ರೊಜೆಕ್ಟರನ್ನೂ ರೀಲುಗಳನ್ನೂ ಜಟಕಾದಲ್ಲಿ ಮನೆಗೇ ತಂದುಬಿಡುತ್ತಿದ್ದರು. ಅವರಿಗೆ ಅದು ಕೆಲಸ, ನಮಗೆ ಬಿಟ್ಟಿ ಸಿನಿಮಾ. ಸಿಮೆಂಟ್ ಹೇಗಾಗುತ್ತದೆ, ಅಣೆಕಟ್ಟು ಹೇಗೆ ಕಟ್ಟುತ್ತಾರೆ, ಮಲೇರಿಯಾ ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ... ಆ ಸೊಳ್ಳೆಯನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ನೋಡುತ್ತಲೇ ನಿಜವಾದ ಸೊಳ್ಳೆಯಿಂದ ಕಚ್ಚಿಸಿಕೊಳ್ಳುತ್ತಿದ್ದೆವು.

ಅಂಗಳದ ಎರಡು ಕಂಬಗಳ ನಡುವೆ ಬಿಳಿ ಪಂಚೆಯನ್ನು ಒದ್ದೆ ಮಾಡಿ ಕಟ್ಟುವರು. ಒದ್ದೆ ಬಟ್ಟೆಯಾದರೆ ಬೆಳಕು ಆಚೆಗೂ ಹಾಯುತ್ತದೆ, ಚಿತ್ರ ಎರಡೂ ಕಡೆ ಕಾಣುತ್ತದೆ. ಪ್ರೊಜೆಕ್ಟರಿನ ಕಡೆ ಗಂಡಸರು, ಮಕ್ಕಳು. ಅಡುಗೆಮನೆಯ ಕಡೆ ಹೆಂಗಸರು. ಮಡಿಯ ನಮ್ಮಜ್ಜಿ ಎಲ್ಲರಿಗಿಂತ ಒಂದು ಮೊಳ ದೂರ ಮಣೆಯ ಮೇಲೆ. ಆ ವರ್ಷ ನಾನು ದೊಡ್ಡವಳಾದೆನೆಂದು ನನ್ನನ್ನೂ ಹೆಂಗಸರ ಕಡೆಗೆ ಅಟ್ಟಿದ್ದರು. ಆ ಕಡೆಯಿಂದ ಎಲ್ಲವೂ ತಿರುಗುಮುರುಗು. ಅಕ್ಷರ ಓದಲಾಗುತ್ತಿರಲಿಲ್ಲ, ಚಿತ್ರದಲ್ಲಿ ಎಲ್ಲರೂ ಎಡಗೈಯಲ್ಲೇ ಊಟ ಮಾಡುತ್ತಿದ್ದರು. ಅದನ್ನು ನೋಡಿ ಅಜ್ಜಿ ಮುಖ ಸಿಂಡರಿಸುವುದು ನನಗೆ ಚಿತ್ರಕ್ಕಿಂತ ಹೆಚ್ಚಿನ ಮಜಾ. ಮಾತೆಲ್ಲ ಇಂಗ್ಲಿಷಿನಲ್ಲಿ ಇರುತ್ತಿದ್ದುದರಿಂದ ಮಾಮ ಪ್ರೊಜೆಕ್ಟರಿನ ಪಕ್ಕ ನಿಂತು ಹೆಂಗಸರಿಗಾಗಿ ಕನ್ನಡದಲ್ಲಿ ಹೇಳುತ್ತಿದ್ದರು.

ಪಾಪುವಿಗೆ ಆರು ತಿಂಗಳಾಗುವ ಹೊತ್ತಿಗೆ ಅಜ್ಜಿ ಮೈಸೂರಿನಲ್ಲಿದ್ದ ಮಾಮನ ಅಕ್ಕನಿಗೆ ನನ್ನ ಕೈಯಲ್ಲೇ ಒಂದು ಕಾಗದ ಬರೆಸಿದರು. ಮಗುವನ್ನು ಕರೆದುಕೊಂಡು ಹೋಗಿ, ಇವನಿಗೆ ಇನ್ನೊಂದು ಮದುವೆಯಾಗಲಿ ಎಂದು. ಅಜ್ಜಿ ಕೆಟ್ಟವರಲ್ಲ. ಅವರ ಮಂಡಿ ಊದಿತ್ತು, ಮಗು ತೆವಳಲು ಶುರುಮಾಡಿತ್ತು. "ಗಂಡಸಿನ ಕೈಲಿ ಹೆಣ್ಮಗು ಬೆಳೆಯೋದುಂಟೇನೇ? ಎಣ್ಣೆ ನೀರು ಹಾಕ್ತಾನಾ, ಜಡೆ ಹಾಕ್ತಾನಾ?" ಎಂದು ಅಮ್ಮನನ್ನು ಕೇಳಿದರು. ವಠಾರದಲ್ಲಿ ಇಲ್ಲ ಎಂದವರು ಯಾರೂ ಇಲ್ಲ. ಮಾಮನಿಗೆ ಹೇಳಿದಾಗ ಅವರೂ ವಾದ ಮಾಡಲಿಲ್ಲ. "ನೀವು ಹೇಳಿದ ಹಾಗಾಗ್ಲಿ ಅಮ್ಮಾ" ಎಂದು ಮಗುವನ್ನೆತ್ತಿಕೊಂಡು ಮೆಟ್ಟಿಲು ಹತ್ತಿದರು. ಆ ರಾತ್ರಿ ಮೇಲೆ ಸ್ಟವ್ ಹೊತ್ತಿಸಿದ ಸದ್ದು ಕೇಳಲಿಲ್ಲ. ಕಾಗದ ಬರೆದ ಕೈ ನನ್ನದು ಎಂಬ ಸಂಕಟ ನನಗೆ ಆಗಲೇ ಹತ್ತಿತ್ತು.

ಅಕ್ಕ ಭಾನುವಾರ ಬೆಳಿಗ್ಗೆ ಮೇಲ್ ರೈಲಿನಲ್ಲಿ ಬಂದಿಳಿದು, ಮಂಗಳವಾರ ಮಗುವಿನೊಂದಿಗೆ ಹೊರಡುವುದೆಂದು ಗೊತ್ತಾಯಿತು. ಅದರ ಹಿಂದಿನ ಶನಿವಾರ ಮಾಮ ತಂದದ್ದು ಪೆಂಗ್ವಿನ್‌ಗಳ ಚಿತ್ರ.

ಸಂಜೆ ದೀಪ ಹಚ್ಚಿ, ಎಲ್ಲರೂ ಕೂತರು. ಹೊರಗೆ ಚೈತ್ರದ ಸೆಕೆ, ಪಂಚೆಯ ಮೇಲೆ ಕಣ್ಣು ಕುಕ್ಕುವ ಹಿಮ. ಕಪ್ಪು ಕೋಟು, ಬಿಳಿ ಎದೆ, ಹೊಟ್ಟೆ ಮುಂದೆ ಮಾಡಿಕೊಂಡು ಸಾಲಾಗಿ ನಡೆದು ಬರುವ ಹಕ್ಕಿಗಳು. "ಹೈಕೋರ್ಟು ಬಿಟ್ಟಿತು" ಎಂದು ನಮ್ಮಪ್ಪ ಆಚೆ ಕಡೆಯಿಂದ ಹೇಳಿದಾಗ ವಠಾರವೆಲ್ಲ ನಕ್ಕಿತು. ಮಾಮನೂ ನಕ್ಕರು. ಪಾಪು ಅವರ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಆಮೇಲೆ ಒಂದು ಹಕ್ಕಿ ಪಾದಗಳ ಮೇಲೆ ಮೊಟ್ಟೆಯಿಟ್ಟುಕೊಂಡು ಹೊಟ್ಟೆಯ ಮಡಿಕೆಯಿಂದ ಮುಚ್ಚಿ ನಿಂತಿತು. ಹಿಮದ ಗಾಳಿ ಹೊಡೆಯುತ್ತಿತ್ತು. "ಇದು ತಾಯಿ" ಎಂದರು ಮಾಮ. "ಎರಡು ತಿಂಗಳು ಹೀಗೇ ನಿಂತಿರತ್ತೆ. ಮೊಟ್ಟೆ ಕೆಳಗೆ ಬಿದ್ರೆ ಅಲ್ಲೇ ಹೆಪ್ಪುಗಟ್ಟಿ ಹೋಗತ್ತೆ." ಹೆಂಗಸರು ಲೊಚಗುಟ್ಟಿದರು. "ತಾಯಿ ಅಂದ್ರೆ ತಾಯೀನೇ" ಎಂದರು ಅಜ್ಜಿ.

ನಾನು ಕಾನ್ವೆಂಟಿನಲ್ಲಿ ಓದುತ್ತಿದ್ದವಳು. ಪೆಟ್ಟಿಗೆಯೊಳಗಿನ ಇಂಗ್ಲಿಷ್ ದನಿ ಹೇಳುತ್ತಿದ್ದುದು ಬೇರೆ. ಮೊದಲು ನನಗೇ ತಪ್ಪು ಕೇಳಿಸಿತೇನೋ ಎಂದುಕೊಂಡೆ. ಅದು ಇನ್ನೊಮ್ಮೆ ಹೇಳಿತು, ಮತ್ತೊಮ್ಮೆಯೂ ಹೇಳಿತು. ನಾನು ಪಂಚೆಯ ಈ ಕಡೆಯಿಂದ ಕೂಗಿದೆ. "ಮಾಮ, ಅದು ತಾಯಿ ಅಲ್ಲ. ತಂದೆ ಅಂತಿದಾರೆ. ತಾಯಿ ಸಮುದ್ರಕ್ಕೆ ಹೊರಟುಹೋಗಿದೆಯಂತೆ."

ರೀಲು ಟಕಟಕ ಓಡುತ್ತಿತ್ತು. "ಹೌದು, ತಂದೆ" ಎಂದಷ್ಟೇ ಮಾಮನ ದನಿ ಕೇಳಿಸಿತು. ಆಮೇಲೆ ಅವರು ಬಾಯೇ ಬಿಡಲಿಲ್ಲ. ಅಜ್ಜಿ ನನ್ನತ್ತ ತಿರುಗಿ, "ನೀನು ಹೇಳು" ಎಂದರು.

ನಾನೇ ಹೇಳಿದೆ. ಮೊಟ್ಟೆಯೊಡೆಯುವ ತನಕ ತಂದೆಗೆ ಊಟವಿಲ್ಲವೆಂದೆ. ವರ್ಷಕ್ಕೆ ಇಪ್ಪತ್ತನಾಲ್ಕು ಏಕಾದಶಿ ಮಾಡುವ ಅಜ್ಜಿಗೆ ಇದು ತಟ್ಟನೆ ನಾಟಿತು. "ನೀರೂ ಇಲ್ವಾ?" ಎಂದರು. ಹಿಮ ಕುಕ್ಕಿ ತಿನ್ನುತ್ತದಂತೆ ಎಂದೆ. "ಹಾಗಾದ್ರೆ ನಿರ್ಜಲ ಅಲ್ಲ. ಆದ್ರೂ ಎರಡು ತಿಂಗಳು..." ಎಂದರು. ತಂದೆಗಳೆಲ್ಲ ಒತ್ತೊತ್ತಾಗಿ ಗುಂಪುಗೂಡಿ, ಚಳಿಯಲ್ಲಿ ಹೊರಗೆ ನಿಂತವರು ಒಳಗೆ, ಒಳಗಿದ್ದವರು ಹೊರಗೆ, ಹೀಗೆ ಸರದಿಯ ಮೇಲೆ ಜಾಗ ಬದಲಾಯಿಸುವುದನ್ನೂ ಹೇಳಿದೆ. ಅಷ್ಟರಲ್ಲಿ ಸಮುದ್ರದ ಗಾಳಿಗೆ ಪಂಚೆಯ ಒಂದು ಗಂಟು ಸಡಿಲಿತು. ಮಾಮ ಮಗುವಿನ ಸಮೇತ ಬಂದು ಒಂದೇ ಕೈಯಲ್ಲಿ ಅದನ್ನು ಬಿಗಿಯತೊಡಗಿದರು. ಹೆಗಲ ಮೇಲೆ ಮಗುವಿದ್ದ ಅವರ ನೆರಳು ಹಕ್ಕಿಗಳ ನಡುವೆ ದೊಡ್ಡದಾಗಿ ಬಿತ್ತು. ಮರೆಯಾಗುತ್ತೆ, ಪಕ್ಕಕ್ಕೆ ಸರಿಯಯ್ಯ ಎಂದು ಅಪ್ಪ ರೇಗಿದರು. ಅಜ್ಜಿ ಮಾತ್ರ ಆ ನೆರಳು ಸರಿಯುವ ತನಕ ನೋಡುತ್ತಲೇ ಇದ್ದರು.

ಚಿತ್ರ ಮುಗಿದು ದೀಪ ಹಾಕಿದ ಮೇಲೆ ಅಜ್ಜಿ ಎಂದೂ ಮಾಡದ ಕೆಲಸ ಮಾಡಿದರು. ಮಣೆಯಿಂದೆದ್ದು ಪಂಚೆಯನ್ನು ಸರಿಸಿ ಗಂಡಸರ ಕಡೆಗೆ ಬಂದರು.

"ಏನಪ್ಪಾ, ಗೊತ್ತಿದ್ದೂ ತಾಯಿ ಅಂತ ಯಾಕೆ ಹೇಳ್ದೆ?"

ಮಾಮ ರೀಲು ಸುತ್ತುತ್ತಿದ್ದರು. ತಲೆಯೆತ್ತಲಿಲ್ಲ. "ತಂದೆ ಅಂದಿದ್ರೆ ನನ್ನ ವಕಾಲತ್ತು ನಾನೇ ಮಾಡ್ಕೊಂಡ ಹಾಗಾಗ್ತಿತ್ತಲ್ಲಮ್ಮ."

"ಈ ಮಗೂನ ಕೊಡಕ್ಕೆ ನಿನಗೆ ಮನಸ್ಸಿದೆಯಾ?"

"ಇಲ್ಲ" ಎಂದರು. ಅದೊಂದು ಮಾತನ್ನು ಅದುವರೆಗೆ ಯಾರೂ ಅವರನ್ನು ಕೇಳಿರಲಿಲ್ಲ.

"ಹಾಗಾದ್ರೆ ಅಕ್ಕ ಬರಲಿ, ಎರಡು ದಿನ ಇದ್ದು ಹೋಗ್ಲಿ. ಮಗು ಇಲ್ಲೇ ಇರತ್ತೆ. ಹಗಲು ನಮ್ಮ ಸರದಿ, ರಾತ್ರಿ ನಿಂದು. ಉಪವಾಸ ಗಿಪವಾಸ ಬೇಡ, ಮೇಲೆ ಹೋಗಿ ಅನ್ನ ಮಾಡ್ಕೊಂಡು ಉಣ್ಣು."

ಅವರು ಆ ಚಿತ್ರವನ್ನು ಬೇಕೆಂದೇ ಆರಿಸಿ ತಂದಿದ್ದರೋ, ಅವತ್ತಿನ ಕಟ್ಟಿನಲ್ಲಿ ತಾನಾಗಿ ಬಂದಿತ್ತೋ... ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೇಕೆಂದೇ ತಂದಿದ್ದರೆ ತಾಯಿ ಎಂದು ಯಾಕೆ ಹೇಳುತ್ತಿದ್ದರು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ತಂದ ಮೇಲೆ ಧೈರ್ಯ ಸಾಲಲಿಲ್ಲವೇನೋ ಎಂದೂ ಅನ್ನಿಸುತ್ತದೆ.

ಮೈಸೂರಿನ ಅಕ್ಕ ಬಂದು ಎರಡು ದಿನ ಮುಖ ಊದಿಸಿಕೊಂಡಿದ್ದು ಮಂಗಳವಾರ ಒಬ್ಬರೇ ರೈಲು ಹತ್ತಿದರು. ಬುಧವಾರ ನಾನು ಮಹಡಿಗೆ ಹೋದಾಗ ಮಾಮ ಕೆಲಸಕ್ಕೆ ಬಾರದ ಮೂರು ಫಿಲ್ಮಿನ ಪಟ್ಟಿಗಳನ್ನು ಕಿಟಕಿಯ ಸರಳಿಗೆ ಕಟ್ಟಿಕೊಂಡು ಜಡೆ ಹೆಣೆಯುವುದನ್ನು ಕಲಿಯುತ್ತಿದ್ದರು. ಪಾಪುವಿನ ತಲೆಯಲ್ಲಿ ಆಗ ಬೆರಳಿಗೆ ಸಿಗುವಷ್ಟೂ ಕೂದಲಿರಲಿಲ್ಲ. ನಾನು ಬಿದ್ದು ಬಿದ್ದು ನಕ್ಕೆ. "ಟೈಮ್ ಇದೆ ಅಂತ ಸುಮ್ನಿದ್ರೆ ಆಗತ್ತಾ, ಎಡಗಡೆದು ಮೇಲೆ ಬರ್ಬೇಕೋ ಕೆಳಗೋ ಹೇಳಮ್ಮ" ಎಂದರು. ನಾನೇ ಕಲಿಸಿದೆ. ಮುಂದೆ ಪಾಪು ಶಾಲೆಗೆ ಹೋಗುವಾಗ ಬೀದಿಯಲ್ಲಿ ಅಷ್ಟು ಬಿಗಿಯಾದ ಜಡೆ ಬೇರೆ ಯಾರಿಗೂ ಇರಲಿಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ. ಅರವತ್ತರ ದಶಕದಲ್ಲಿ ನಾನು ಮದುವೆಯಾಗಿ ಗಿಂಡಿ ಬಡಾವಣೆಗೆ ಹೋಗುವ ತನಕ ಪ್ರತಿ ಬೆಳಿಗ್ಗೆ ಮಹಡಿಯಿಂದ ಅಪ್ಪ ಮಗಳ ಜಗಳ, ನಗು ಕೇಳುತ್ತಲೇ ನಾನು ಏಳುತ್ತಿದ್ದುದು. ಆ ಮನೆಯಲ್ಲಿ ಕೊರತೆ ಎಂಬುದನ್ನು ನಾನು ಕಾಣಲಿಲ್ಲ.

ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಮಾಮ ಹೋಗಿ ಇಪ್ಪತ್ತು ವರ್ಷ. ವಠಾರ ಇದ್ದ ಜಾಗದಲ್ಲಿ ಈಗ ಲಾಡ್ಜ್. ಆ ಸಂಜೆ ಅಂಗಳದಲ್ಲಿ ಕೂತಿದ್ದ ದೊಡ್ಡವರಲ್ಲಿ ಒಬ್ಬರೂ ಇಲ್ಲ. ಆ ಕಾಗದದ ಸುದ್ದಿ ಪಾಪುವಿನ ಕಿವಿಗೆ ಬೀಳಬಾರದೆಂದು ಅಜ್ಜಿ ಕಟ್ಟಪ್ಪಣೆ ಮಾಡಿದ್ದರು, ಯಾರೂ ಮೀರಲಿಲ್ಲ. ಈಗ ಅದು ಗೊತ್ತಿರುವವಳು ನಾನೊಬ್ಬಳೇ. ಮಾಮನ ಜೊತೆ ಕೂತು ಇದನ್ನು ಒಮ್ಮೆ ಮಾತಾಡಬೇಕಿತ್ತು ಎಂಬ ನೋವು ನನಗಿದೆ.

ಉಗುರಿನ ಬಣ್ಣ ಆರುವ ಮೊದಲೇ ನಾನು ಪಾಪುವಿಗೆ ಫೋನ್ ಮಾಡಿದೆ. ಬ್ಯಾಂಕಿನಿಂದ ನಿವೃತ್ತಳಾಗಿದ್ದಾಳೆ, ಅವಳಿಗೂ ಮೊಮ್ಮಗನಿದ್ದಾನೆ. ಪೆಂಗ್ವಿನ್‌ಗಳ ಕಥೆ ಅಪ್ಪ ಹೇಳಿದ್ದು ಅವಳಿಗೆ ನೆನಪಿತ್ತು. ಚಿತ್ರ ಮುಗಿಯುವ ತನಕ ತಾನು ಅಳದೆ ಮಲಗಿದ್ದೆನಂತೆ, ಮಾರನೆಯ ದಿನ ಮೈಸೂರಿನ ಅತ್ತೆ ಬಂದಿದ್ದರಂತೆ.

"ಅಕ್ಕಾ, ಆ ಅತ್ತೆ ಅದಕ್ಕೆ ಮುಂಚೆ ಮದ್ರಾಸಿಗೇ ಬಂದೋರಲ್ಲ, ಆಮೇಲೂ ಬರ್ಲಿಲ್ಲ. ಆ ಒಂದ್ಸಲ ಮಾತ್ರ ಎದುಕ್ಕು, ಯಾಕೆ ಬಂದಿದ್ರು?"

"ನಿನ್ನ ನೋಡ್ಕೊಂಡು ಹೋಗಕ್ಕೆ" ಎಂದೆ.