ಅಪ್ಪ ಪಾಲಿಶ್ ಮಾಡಿದ ಕಾರಂಜಿ

ಪುಣೆಯಲ್ಲಿ ಅಪ್ಪ ಮಾಡಿದ ಕೆಲಸದ ಮೇಲೆ ಎಷ್ಟೋ ಜನ ದಿನಾ ಓಡಾಡುತ್ತಾರೆ. ಅಪ್ಪ ಮಾತ್ರ ಅದರ ಮೇಲೆ ಕಾಲಿಡುವಂತಿರಲಿಲ್ಲ. ಅವನು ನೆಲ ಪಾಲಿಶ್ ಮಾಡುವವನು. ಹೊಸ ಕಟ್ಟಡಗಳಲ್ಲಿ ಮಾರ್ಬಲ್ ಹಾಸಿದ ಮೇಲೆ ಮಷೀನು ತಂದು, ನೀರು ಬಿಟ್ಟು, ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿಕೊಡುವುದು ಅವನ ಕಸುಬು. ಅವ್ವ ಮಷೀನಿನ ಮುಂದೆ ನೀರು ಹಾಕುತ್ತಿದ್ದಳು, ಹಿಂದೆ ಉಳಿದ ಬಿಳಿ ರಾಡಿಯನ್ನು ಬಳಿದು ಬಕೆಟ್ಟಿಗೆ ತುಂಬುತ್ತಿದ್ದಳು. ಕೆಲಸ ಮುಗಿದ ದಿನ ಮನೆಯ ಯಜಮಾನರು ಬಂದು, ಬಗ್ಗಿ ನೋಡಿ, ಖುಷಿಪಟ್ಟು, ಇನ್ನು ಯಾರೂ ಇದರ ಮೇಲೆ ಕಾಲಿಡಬಾರದು ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ 'ಯಾರೂ' ಎಂದರೆ ನಾವೇ.

ನಾವು ಯಾದಗಿರಿ ಕಡೆಯವರು. ಧನಕವಡಿಯ ಒಂದು ಕಾಲೇಜಿನ ಹಿಂದೆ, ತಗಡಿನ ಮನೆಗಳ ಸಾಲಿನಲ್ಲಿ ಇದ್ದೆವು. ನಾನು ಓದಿದ್ದು ಮೊದಲು ಕನ್ನಡ ಶಾಲೆಯಲ್ಲಿ, ಆಮೇಲೆ ಮರಾಠಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಬಸ್ಸಿನಲ್ಲಿ ಹೋಗುವಾಗ ಅಪ್ಪ ಕಿಟಕಿಯಿಂದ ಕೈ ಮಾಡಿ ತೋರಿಸುತ್ತಿದ್ದ, ಆ ಬಿಲ್ಡಿಂಗು ನಂದು, ಈ ಬಿಲ್ಡಿಂಗು ನಂದು ಅಂತ. ಅಲ್ಲಿ ನಮಗೆ ಕಾಣುತ್ತಿದ್ದದ್ದು ಹೊರಗಿನ ಗೋಡೆ ಮತ್ತು ವಾಚ್‌ಮನ್. ಒಳಗಿನ ನೆಲ ಹೇಗೆ ಹೊಳೆಯುತ್ತದೆ ಅನ್ನುವುದನ್ನು ಅವನು ಬಾಯಲ್ಲೇ ಹೇಳಿ ಮುಗಿಸಬೇಕಿತ್ತು.

ತೊಂಬತ್ತರ ದಶಕದ ನಡುವೆ, ನಾನು ಹೈಸ್ಕೂಲಿನಲ್ಲಿದ್ದಾಗ, ಅವನಿಗೆ ಆ ಕಾರಂಜಿಯ ಕೆಲಸ ಬಂತು. ಕ್ಯಾಂಪ್ ಅನ್ನುವ ದಂಡಿನ ಪ್ರದೇಶದ ಕಡೆ ಒಂದು ಹಳೆಯ ಉದ್ಯಾನ. ಅದರ ನಡುವೆ ಬ್ರಿಟಿಷರ ಕಾಲದ ಅಮೃತಶಿಲೆಯ ಕಾರಂಜಿ. ದೊಡ್ಡ ತೊಟ್ಟಿ, ತೊಟ್ಟಿಯ ನಡುವೆ ಕಂಬ, ಕಂಬದ ಸುತ್ತ ಬಾಯಿ ತೆರೆದ ಮೀನುಗಳು, ತುದಿಯಲ್ಲಿ ಕೊಡ ಬಗ್ಗಿಸಿ ನಿಂತ ಒಬ್ಬ ಹೆಣ್ಣುಮಗಳು. ನೀರು ಬಂದು ಯಾವ ಕಾಲವಾಗಿತ್ತೋ. ತೊಟ್ಟಿಯ ತುಂಬ ಶೇಂಗಾ ಸಿಪ್ಪೆ, ಒಣಗಿದ ಎಲೆ. ರಿಕ್ಷಾಗಳ ಹೊಗೆ ಕುಡಿದು ಕುಡಿದು ಆ ಹೆಣ್ಣುಮಗಳು ನಮ್ಮ ಒಲೆಯ ಹಿಂದಿನ ಗೋಡೆಯ ಬಣ್ಣಕ್ಕೆ ಬಂದಿದ್ದಳು. ಆದರೂ ಮುಖ ಇತ್ತು. ಏನೋ ತಮಾಷೆ ಕೇಳಿ ನಗು ತಡೆದುಕೊಂಡವಳ ಹಾಗೆ ತುಟಿಯ ಒಂದು ಕೊನೆ ಮೇಲಕ್ಕೆ ಹೋಗಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆ ಭಾಗದ ಪುಢಾರಿಯೊಬ್ಬರಿಗೆ ಉದ್ಯಾನ ಚೆಂದ ಮಾಡುವ ಮನಸ್ಸಾಗಿತ್ತು. ಗುತ್ತಿಗೆ ಸಿಕ್ಕಿದ್ದು ಅಪ್ಪನಿಗೆ ನೆಲದ ಕೆಲಸ ಕೊಡುತ್ತಿದ್ದ ಕಂತ್ರಾಟದಾರನಿಗೆ. ಕಲ್ಲು ಮಾರ್ಬಲ್ಲು, ಅಪ್ಪ ಮಾರ್ಬಲ್ ಮಿಸ್ತ್ರಿ, ಕಂತ್ರಾಟದಾರನ ಲೆಕ್ಕ ಅಲ್ಲಿಗೆ ಮುಗಿಯಿತು. "ಚಕಾಚಕ್ ಪಾಹಿಜೆ" ಅಂದ. ಹೋಟೆಲಿನ ನೆಲದ ಹಾಗೆ ಹೊಳೆಯಬೇಕು. ಹಲ್ಲು ಕೀಳುವವನ ಕೈಗೆ ಕಣ್ಣಿನ ಆಪರೇಷನ್ ಕೊಟ್ಟರೆ ತಪ್ಪು ಯಾರದು? ಈ ಪ್ರಶ್ನೆಯನ್ನು ನಾನು ಆಮೇಲೆ ಎಷ್ಟೋ ಸಲ ಗೋಡೆಗೆ ಕೇಳಿದ್ದೇನೆ.

ಕೆಲಸ ಶುರುವಾದ ದಿನ ಅಪ್ಪ ರೂಢಿಯಂತೆ ಮಷೀನಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ. ಆಮೇಲೆ ಏಣಿ ಹತ್ತಿ ಆ ಕಲ್ಲಿನ ಹೆಣ್ಣುಮಗಳ ಹಣೆಗೂ ಕುಂಕುಮ ಇಟ್ಟ.

"ಅದು ದೇವ್ರಲ್ರಿ," ಅಂದಳು ಅವ್ವ.

"ಇರ್ಲಿ. ಹೆಣ್ಮಗಳ ಮೈಮ್ಯಾಲ ಕೈ ಹಚ್ಚೋದದ. ಮೊದಲ ಒಂದ್ ಮಾತ್ ಕೇಳಬೇಕಲ್ಲ."

ಶಾಲೆಗೆ ರಜೆ. ಬುತ್ತಿ ಒಯ್ಯುವ ನೆಪದಲ್ಲಿ ನಾನು ದಿನಾ ಹೋಗುತ್ತಿದ್ದೆ. ನೆಲ ತಿಕ್ಕುವ ದೊಡ್ಡ ಮಷೀನು ಅಲ್ಲಿ ನಡೆಯುತ್ತಿರಲಿಲ್ಲ. ಕೈಯಲ್ಲಿ ಹಿಡಿಯುವ ಗ್ರೈಂಡರು, ತಿಕ್ಕುವ ಕಲ್ಲು, ಕೊನೆಗೆ ಆಸಿಡ್ ಪುಡಿ, ಮೇಣ. ಮೊದಲು ಹೊಗೆಯ ಕಪ್ಪು ಹೋಯಿತು. ಕಪ್ಪು ಹೋದ ಮೇಲೆ ನಿಲ್ಲಬೇಕಿತ್ತು. ಆದರೆ ಅಪ್ಪನ ಅಂಗೈ ಒರಟು ಅನ್ನುವುದನ್ನು ಸಹಿಸುತ್ತಿರಲಿಲ್ಲ. ಕಾಲಿಗೆ ಇಷ್ಟು ತರಿ ತಾಕಿದರೂ ಯಜಮಾನರು ಮತ್ತೆ ಕರೆಸಿ ಬೈದ ಎಷ್ಟೋ ನೆಲಗಳು ಆ ಅಂಗೈಯಲ್ಲಿದ್ದವು. ಮೀನಿನ ಹುರುಪೆ ಕೈಗೆ ತರಿಯಾಗಿ ಸಿಕ್ಕಿತು, ತಿಕ್ಕಿದ. ಸೆರಗಿನ ನೆರಿಗೆಯಲ್ಲಿ ಕಪ್ಪು ಉಳಿದಿತ್ತು, ನೆರಿಗೆಯನ್ನೇ ತಿಕ್ಕಿದ. ತೊಟ್ಟಿಯ ಹೊರಗೋಡೆಯ ಮೇಲೆ ಸವೆದ ಇಂಗ್ಲಿಷ್ ಅಕ್ಷರಗಳಿದ್ದವು, ಯಾರು ಕಟ್ಟಿಸಿದ್ದು ಏನು ಅಂತ ಇದ್ದಿರಬೇಕು. ಅದನ್ನೂ ಸಾಫ್ ಮಾಡು, ಅಲ್ಲಿ ಹೊಸ ಕಲ್ಲು ಕೂಡಬೇಕು ಅಂದ ಕಂತ್ರಾಟದಾರ. ಅದೂ ಹೋಯಿತು.

ಒಂದು ಮಧ್ಯಾಹ್ನ ಅವ್ವ ರೊಟ್ಟಿ ಮುರಿಯುತ್ತ ಮೇಲೆ ನೋಡಿ, "ರೀ, ಆಕಿ ಮೂಗು ಸಣ್ಣದಾಗ್ಯಾದ ನೋಡ್ರಿ" ಅಂದಳು.

"ಹೊಲಸು ಹೋಗ್ಯಾದ. ಈಗ ನಿನ್ನ ಮೂಗಿನಷ್ಟ ಅದ."

"ನನ್ನ ಮೂಗಿಗಿ ಮಷೀನ್ ತರಬ್ಯಾಡ್ರಿ ಮತ್ತ."

ಎಲ್ಲರೂ ನಕ್ಕೆವು. ನಾನಂತೂ ಬಾಯಲ್ಲಿದ್ದ ಪುಂಡಿಪಲ್ಯ ಹೊರಬರುವಷ್ಟು ನಕ್ಕೆ. ನಡುನಡುವೆ ಜೀಪಿನಲ್ಲಿ ಬರುತ್ತಿದ್ದ ಎಂಜಿನಿಯರ್ ಸಾಹೇಬರು ತೊಟ್ಟಿಯ ಅಂಚಿನ ಮೇಲೆ ಕೈಯಾಡಿಸಿ ವಾ ವಾ ಅಂದು ಹೋಗುತ್ತಿದ್ದರು. ಅವರ ಕಣ್ಣು ಆ ಮುಖದವರೆಗೆ ಹೋಗಲಿಲ್ಲವೋ, ಹೋದರೂ ಅಲ್ಲಿ ಏನಿತ್ತು ಅನ್ನುವುದು ನೆನಪಿರಲಿಲ್ಲವೋ.

ಉದ್ಘಾಟನೆಯ ದಿನ ಬಣ್ಣದ ದೀಪ, ಶಾಮಿಯಾನ, ಬ್ಯಾಂಡು. ಪುಢಾರಿಯವರು ಗುಂಡಿ ಒತ್ತಿದರು, ನೀರು ಚಿಮ್ಮಿತು, ಜನ ಚಪ್ಪಾಳೆ ತಟ್ಟಿದರು. ತೊಟ್ಟಿಯ ಹೊರಗೋಡೆಗೆ ಕೂಡಿಸಿದ ಕರಿ ಗ್ರ್ಯಾನೈಟಿನ ಮೇಲೆ ಅವರ ಹೆಸರು, ಅವರ ಪಕ್ಷದ ಇನ್ನಿಬ್ಬರ ಹೆಸರು ಬಂಗಾರದ ಬಣ್ಣದಲ್ಲಿ. ಶಾಲು ಕಂತ್ರಾಟದಾರನಿಗೆ ಹೋಯಿತು, ತೆಂಗಿನಕಾಯಿ ಅಪ್ಪನಿಗೆ. ಆದರೆ ಒಂದು ಮಾತು ಅಪ್ಪನಿಗೇ ಬಂತು. ಪುಢಾರಿಯವರು ಅವನ ಹೆಗಲ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ, "ತೂ ಕಲಾಕಾರ ಆಹೇಸ್" ಅಂದರು. ನೀನು ಕಲಾವಿದನಪ್ಪಾ ಅಂತ. ಆವರೆಗೆ ಅಪ್ಪನನ್ನು ಜನ ಮಿಸ್ತ್ರಿ ಅಂದಿದ್ದರು, ಪಾಲಿಶ್‌ವಾಲಾ ಅಂದಿದ್ದರು, ಏ ಅಂದಿದ್ದರು.

ಅಲ್ಲಿಂದ ನಮ್ಮ ಮನೆಗೆ ಊರಿನಿಂದ ಯಾರೇ ಬರಲಿ, ಭಾನುವಾರ ಅವರಿಗೆ ಕಾರಂಜಿ ತಪ್ಪುತ್ತಿರಲಿಲ್ಲ. ಬೇರೆಯವರು ನೆಂಟರನ್ನು ಶನಿವಾರವಾಡೆಗೆ ಕರೆದೊಯ್ದರೆ ಅಪ್ಪ ಅಲ್ಲಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ಬಾಗಿಲಿಲ್ಲ, ಚಪ್ಪಲಿ ಬಿಡು ಅನ್ನುವವರಿಲ್ಲ, ಕೆಲಸ ಮುಗೀತಲ್ಲ ಹೊರಡು ಅನ್ನುವವರಿಲ್ಲ. ತಾನು ಮಾಡಿದ್ದನ್ನು ಬೇಕೆಂದಾಗ ಹೋಗಿ ಮುಟ್ಟಬಹುದಾದ ಒಂದೇ ಜಾಗ ಅವನಿಗೆ ಈ ಊರಲ್ಲಿ ಅದು. ತೊಟ್ಟಿಯ ಅಂಚಿಗೆ ನೆಂಟರನ್ನು ಬಗ್ಗಿಸಿ, "ನೋಡ್ರಿ, ಮಾರಿ ಕಾಣ್ತದ" ಅನ್ನುತ್ತಿದ್ದ. ಕಾಣುತ್ತಿತ್ತು. ಕೊಡ ಹಿಡಿದವಳ ಮುಖವೊಂದನ್ನು ಬಿಟ್ಟು ಅಲ್ಲಿ ಎಲ್ಲರ ಮುಖವೂ ಕಾಣುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗನ ಮನೆಯವರು ನಮ್ಮ ಕಡೆಯವರೇ, ಇಂದಾಪುರದಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಬಂದು ನೆಲೆಯೂರಿದವರು. ಹುಡುಗ, ಅವನ ತಂದೆ ತಾಯಿ ಬಂದರು. ಊಟ ಆಯಿತು. ಹುಡುಗನ ತಂದೆ, ಅಂದರೆ ಈಗಿನ ನನ್ನ ಮಾವ, ಮಾತಿಗೆ ಮಾತು ಸೇರಿಸುವ ಮನುಷ್ಯ. ನೀವು ಏನೇನು ಕೆಲಸ ಮಾಡೀರಿ ಅಂತ ಕೇಳಿದರು. ಅಪ್ಪನಿಗೆ ಅಷ್ಟೇ ಬೇಕಿತ್ತು. "ಬರ್ರಿ, ತೋರಸ್ತೀನಿ" ಅಂದ. ಅವ್ವನನ್ನು ಮನೆಯಲ್ಲಿ ಬಿಟ್ಟು ನಾವೆಲ್ಲ ಬಸ್ಸು ಹತ್ತಿದೆವು.

ಕಾರಂಜಿಯ ಹತ್ತಿರ ಒಂದು ಗುಂಪು ನಿಂತಿತ್ತು. ಹಳೆಯ ಕಟ್ಟಡಗಳನ್ನು ನೋಡಿಕೊಂಡು ತಿರುಗುವವರು, ಆಗಷ್ಟೇ ಶುರುವಾಗಿದ್ದ ಶೋಕಿ ಅದು. ನಡುವೆ ಖಾದಿ ಸೀರೆ ಉಟ್ಟ ಒಬ್ಬರು ಮರಾಠಿಯಲ್ಲಿ ವಿವರಿಸುತ್ತಿದ್ದರು, ಇಂಥ ಹಳೆಯ ಶಿಲ್ಪಗಳನ್ನು ಉಳಿಸುವ ವಿದ್ಯೆ ಕಲಿತವರಂತೆ. ಸದ್ಯದಲ್ಲೇ ಅವರ ಕೈಯಲ್ಲಿ ಕಾರಂಜಿ ಮತ್ತೆ ದುರಸ್ತಿಯಾಗುವುದಿತ್ತು. ನೋಡಿ, ಈಕೆಗೆ ಈಗ ಮುಖವೇ ಇಲ್ಲ ಅಂದರು. ಇಲ್ಲಿ ಹುರುಪೆ ಇತ್ತು, ಇಲ್ಲಿ ಬೆರಳಿನ ಉಗುರು ಇತ್ತು, ಬಚ್ಚಲು ತಿಕ್ಕುವ ಹಾಗೆ ತಿಕ್ಕಿ ಕೊಂದಿದ್ದಾರೆ ಅಂದರು. ಜನ ಲೊಚಗುಟ್ಟಿದರು. ಒಬ್ಬಾಕೆ ಮುಂದೆ ಹೋಗಿ ತೊಟ್ಟಿಯ ಅಂಚು ಸವರಿ ಅಯ್ಯೋ ಪಾಪ ಅಂದಳು.

ಆ ಗುಂಪಿನ ಮುಂದೆಯೇ ಪುಢಾರಿಯವರು ಇದ್ದರು. ಕೂದಲು ಬೆಳ್ಳಗಾಗಿತ್ತು, ಅಷ್ಟೇ. ಅವರೂ ತಲೆ ಆಡಿಸಿದರು. ಏನು ಮಾಡೋದು ಮೇಡಂ, ಹೊರಗಿನಿಂದ ಬಂದ ಕೂಲಿಗಳು, ಅವರಿಗೆ ಕಲೆ ಏನು ಗೊತ್ತು, ನಾವು ಮೋಸ ಹೋದೆವು ಅಂದರು. ಅಪ್ಪ ಅವರಿಂದ ಕೈಯಳತೆಯ ದೂರದಲ್ಲಿ ನಿಂತಿದ್ದ. ಅವರಿಗೆ ಗುರುತು ಹತ್ತಲಿಲ್ಲ.

ಖಾದಿ ಸೀರೆಯವರು ಹೇಳಿದ್ದು ಸುಳ್ಳಲ್ಲ, ನನ್ನ ಸಿಟ್ಟೆಲ್ಲ ಅದಕ್ಕೇ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಆದರೂ ನಾನು ಬಾಯಿ ತೆರೆದೆ. ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡ. ಮರಾಠಿಯ ಒಂದೊಂದು ಮಾತೂ ಅವನಿಗೆ ತಿಳಿದಿತ್ತು, ಇಂದಾಪುರದವರಿಗೂ ತಿಳಿದಿತ್ತು.

"ಇದ ಏನ್ರಿ ನೀವ್ ಮಾಡಿದ್ದು?" ಹುಡುಗನ ತಂದೆ ಕೇಳಿದರು.

ಅಪ್ಪ ಒಂದು ಸಲ ತೊಟ್ಟಿಯ ಕಡೆ ನೋಡಿದ. "ಅಲ್ರಿ, ಇದಲ್ಲ. ನಾ ಮಾಡಿದ್ದು ಬ್ಯಾರೆ ಅದ, ಖಡಕಿ ಕಡಿ. ಅದು ಮಿಲಿಟ್ರಿಯವರ ಜಾಗ, ಒಳಗ ಬಿಡಂಗಿಲ್ಲ. ಇದು ಹಾದಿಮ್ಯಾಲ ಇತ್ತಲ್ಲ, ಗಾಳಿಗಿ ಕೂಡ್ರಾಮು ಅಂತ ಕರಕೊಂಡ್ ಬಂದೆ."

ನಾವು ಅಲ್ಲಿ ಕೂಡಲಿಲ್ಲ. ಗೇಟಿನ ಹತ್ತಿರ ಭೇಳ್ ತಿಂದೆವು, ಅಪ್ಪ ಎಲ್ಲರಿಗೂ ಖಾರ ಕಡಿಮೆ ಹಾಕಿಸಿದ, ತಾನು ತಿನ್ನಲಿಲ್ಲ. ಮನೆಗೆ ಬಂದಾಗ ಅವ್ವ ಏನಂದ್ರು ಅಂತ ಕೇಳಿದಳು. "ಹುಡುಗಿ ಪಸಂದ ಅಂತ" ಅಂದು ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆ ಭಾನುವಾರ ನನ್ನ ಮದುವೆ ಕುದುರಿತು. ಖಡಕಿಯ ಕಾರಂಜಿ ಹ್ಯಾಂಗದ, ಒಮ್ಮೆ ಪಾಸು ತೆಗಸಲಿಕ್ಕೆ ಹೇಳು ನಿಮ್ಮಪ್ಪಗ ಅಂತ ಮಾವ ಆಮೇಲೆ ಎಷ್ಟೋ ವರ್ಷ ಕೇಳುತ್ತಿದ್ದರು. ಅವರು ನಿಜಕ್ಕೂ ನಂಬಿದ್ದರೋ, ಕಾಡಿಸುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಆಮೇಲೆ ಯಾರನ್ನೂ ಆ ಕಡೆ ಕರೆದೊಯ್ಯಲಿಲ್ಲ. ನೆಂಟರು ಬಂದರೆ ಶನಿವಾರವಾಡೆ. ಕಾರಂಜಿಯ ಸುತ್ತ ತಗಡು ಕಟ್ಟಿ ಎರಡನೆಯ ದುರಸ್ತಿ ನಡೆಯಿತು, ತಗಡು ಬಿಚ್ಚಿದರು ಅಂತ ಪೇಪರಿನಲ್ಲಿ ಬಂತು. ಅಪ್ಪನಿಗೆ ಅಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತ್ತು. ಕಲ್ಲಿನ ಪುಡಿ ಉಸಿರಾಡಿದವರಿಗೆಲ್ಲ ಹತ್ತುವ ಕೆಮ್ಮು ಅದು, ಮಷೀನು ಮಾರಿ ಮನೆಯಲ್ಲಿ ಕೂತಿದ್ದ. ನಾನು ಇಂದಾಪುರದಿಂದ ಎಸ್‌ಟಿ ಬಸ್ಸಿನಲ್ಲಿ ತವರಿಗೆ ಬಂದಾಗ ಒಂದು ಬೆಳಿಗ್ಗೆ ಅವನೇ, "ನಡಿ, ಏನ್ ಮಾಡ್ಯಾರ ನೋಡ್ಕೊಂಡ್ ಬರೂಣ" ಅಂದ.

ಹೊಳಪು ಹೋಗಿತ್ತು. ಮೇಣ ಎಲ್ಲ ತೆಗೆದಿದ್ದರು, ಕಲ್ಲು ಹಾಲಿನ ಹಾಗೆ ಮಂಕಾಗಿತ್ತು. ಹೋದ ಮುಖವನ್ನು ಹೊಸದಾಗಿ ಕೆತ್ತಿರಲಿಲ್ಲ, ಹಾಗೆ ಕೆತ್ತಬಾರದಂತೆ. ಸುತ್ತ ಸರಪಳಿ ಹಾಕಿದ್ದರು, ಮುಟ್ಟುವಂತಿಲ್ಲ. ಪಕ್ಕದಲ್ಲಿ ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಫಲಕ. ಅಪ್ಪ ಮರಾಠಿಯನ್ನು ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದ. ತೊಂಬತ್ತರ ದಶಕದಲ್ಲಿ ಅಕುಶಲ ಕಾರ್ಮಿಕರು ಯಂತ್ರದಿಂದ ತಿಕ್ಕಿದ್ದರಿಂದ ಮೂಲ ಶಿಲ್ಪಕ್ಕೆ ಸರಿಪಡಿಸಲಾಗದ ಹಾನಿಯಾಗಿದೆ ಅಂತ ಇತ್ತು. ಆ ಬರಹದಲ್ಲಿ ಕಂತ್ರಾಟದಾರ ಇರಲಿಲ್ಲ, ಜೀಪಿನ ಸಾಹೇಬರು ಇರಲಿಲ್ಲ. ಇದ್ದದ್ದು ಅಪ್ಪ, ಅವ್ವ.

"ಅಕುಶಲ ಅಂದ್ರ?" ಅಪ್ಪ ಕೇಳಿದ.

"ಕೆಲಸ ಬರ್ಲಾರದವ್ರು ಅಂತ, ಅಪ್ಪಾ."

ಅವನು ಸರಪಳಿಯ ಗುಂಟ ಮೆಲ್ಲಗೆ ಸುತ್ತು ಹಾಕುತ್ತ ಹೋದ, ನಾನು ಹಿಂದೆ. ಆ ಕಡೆ ಹೋದಾಗ ತೊಟ್ಟಿಯ ಹೊರಗೋಡೆಯಲ್ಲಿ ಆ ಕರಿ ಗ್ರ್ಯಾನೈಟು ಇದ್ದಲ್ಲೇ ಇತ್ತು. ಅದನ್ನು ಯಾರೂ ಕಿತ್ತಿರಲಿಲ್ಲ. ತೊಳೆದು, ಬಂಗಾರದ ಬಣ್ಣವನ್ನು ಹೊಸದಾಗಿ ತುಂಬಿದ್ದರು. ಮೂರು ಹೆಸರೂ ದೂರದಿಂದ ಓದುವಂತಿದ್ದವು.

ಅಪ್ಪ ಸರಪಳಿಯ ಮೇಲೆ ಬಗ್ಗಿ ಬಹಳ ಹೊತ್ತು ಅದನ್ನೇ ನೋಡಿದ. ಕೆಮ್ಮು ಬಂತು, ಕೆಮ್ಮಿ ಮುಗಿಸಿ ಮತ್ತೆ ಬಗ್ಗಿದ.

"ಇದನ್ನೂ ನಾನ ಪಾಲಿಶ್ ಮಾಡೀನಿ, ನಿನಗ ಗೊತ್ತಿಲ್ಲ," ಅಂದ. "ಹ್ಯಾಂಗ್ ನಿಂತದ ನೋಡು. ಇನ್ನೂ ಮಾರಿ ಕಾಣ್ಲಿಕ್ಕತ್ತದ."

ನಾನೂ ಬಗ್ಗಿ ನೋಡಿದೆ. ಆ ಮೂವರ ಹೆಸರಿನ ಹಿಂದೆ ಅಪ್ಪನ ಮುಖ ಕಾಣುತ್ತಿತ್ತು.